ಅಜ್ಜನ ಟಚ್‌ಪ್ಯಾಡೂ, ಗಿಗಾಹರ್ಟ್ಸ್ ಹುಚ್ಚೂ

ಬ್ಲಾಗಿನ ಕಡೆ ತಲೆ ಹಾಕಿ ಆರು ತಿಂಗಳೇ ಆಗಿತ್ತು. ಆಫೀಸು, ರಿಲೀಸು, ರಾತ್ರಿ ಹತ್ತರ ಕಾಲ್‌ಗಳು... ಇದ್ದದ್ದೇ ಬಿಡಿ. ಮೊನ್ನೆ ದೀಪಾವಳಿಗೆ ಶಿವಮೊಗ್ಗದ ಮನೆಗೆ ಹೋದಾಗ ಅಮ್ಮ, "ಅಟ್ಟದ ಮೇಲೆ ನಿನ್ನದೇ ಒಂದು ರಟ್ಟಿನ ಡಬ್ಬ ಇದೆ ನೋಡೋ, ಬೇಕಾದ್ದು ಇಟ್ಕೊಂಡು ಉಳಿದದ್ದು ಗುಜರಿಗೆ ಹಾಕು" ಅಂದಳು. ಇಳಿಸಿ ನೋಡಿದರೆ ಹಳೇ ಚಾರ್ಜರುಗಳು, ಸುತ್ತಿಟ್ಟ ಕೇಬಲ್ಲುಗಳು, ಕೆಲಸ ಮಾಡದ ಒಂದು ಮೌಸು, ಅವುಗಳ ಕೆಳಗೆ ಟವೆಲ್ಲಿನಲ್ಲಿ ಸುತ್ತಿದ ಒಂದು ಎಚ್‌ಪಿ ಟಚ್‌ಪ್ಯಾಡ್. ಕಪ್ಪಗೆ, ಭಾರವಾಗಿ, ಬೆನ್ನ ಮೇಲೆ ಅಜ್ಜನ ಬೆರಳಿನ ಗುರುತುಗಳೊಂದಿಗೆ.

ಗುಜರಿಗೆ ಹಾಕಲಿಲ್ಲ. ಅದರ ಬದಲು ಅದರ ಇತಿಹಾಸ ಬರೆಯೋಣ ಅನ್ನಿಸಿತು. ಈ ಯಂತ್ರದ ಕತೆ ಹೇಳಿದರೆ "ಓವರ್‌ಕ್ಲಾಕಿಂಗ್" ಅನ್ನುವ ಒಂದು ಹುಚ್ಚಿನ ಕತೆಯನ್ನೂ ಹೇಳಿದಂತಾಗುತ್ತದೆ. ನಾನು ಮಾಡಿದ ಒಂದು ತಪ್ಪಿನ ಕತೆಯೂ ಅದರಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಣ್ಣ ಪಾಠ (ಗೊತ್ತಿರುವವರು ದಾಟಿಕೊಂಡು ಹೋಗಿ). ಪ್ರಾಸೆಸರಿನೊಳಗೆ ಒಂದು ಬಡಿತ ಇರುತ್ತದೆ, ನಮ್ಮ ಎದೆಬಡಿತದ ಹಾಗೆ. ಪ್ರತಿ ಬಡಿತಕ್ಕೂ ಅದು ಒಂದು ಹೆಜ್ಜೆ ಕೆಲಸ ಮುಂದೆ ಹಾಕುತ್ತದೆ. 1.2 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 120 ಕೋಟಿ ಬಡಿತ. ಡಬ್ಬದ ಮೇಲೆ ಅಚ್ಚಾದ ಈ ಸಂಖ್ಯೆ ಪ್ರಕೃತಿ ಕೊಟ್ಟದ್ದಲ್ಲ, ಕಂಪನಿ ಕೂತು ತೀರ್ಮಾನಿಸಿದ್ದು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳಲ್ಲೂ ಒಂದು ಗಟ್ಟಿ, ಇನ್ನೊಂದು ಸ್ವಲ್ಪ ಸೊರಗಿದ್ದು ಇರುತ್ತದೆ, ಒಂದೇ ಮರದ ಮಾವಿನಹಣ್ಣಿನ ಹಾಗೆ. ಅತಿ ಸೊರಗಿದ್ದೂ ಬೇಸಿಗೆಯ ಮಧ್ಯಾಹ್ನದಲ್ಲಿ ತಡೆದುಕೊಳ್ಳುವಂತೆ, ಬ್ಯಾಟರಿ ದಿನವಿಡೀ ಬರುವಂತೆ ಕಂಪನಿ ಒಂದಷ್ಟು ಕೆಳಗೇ ಗೆರೆ ಎಳೆಯುತ್ತದೆ. ಕೆಲವೊಮ್ಮೆ ದುಬಾರಿ ಮಾಡೆಲ್ಲಿನ ಮಾರಾಟ ಕೆಡಬಾರದು ಅಂತಲೂ ಕೆಳಗೆ ಎಳೆಯುತ್ತದೆ. ಆ ಗೆರೆಯನ್ನು ನಾವೇ ಮೇಲೆ ಎಳೆದುಕೊಳ್ಳುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ.

ಟ್ಯಾಬ್ಲೆಟ್ಟುಗಳು ಬರುವುದಕ್ಕೆ ಬಹಳ ಮೊದಲೇ ಈ ಜಗಳ ಶುರುವಾಗಿತ್ತು. 1984ರ ಆಗಸ್ಟ್‌ನಲ್ಲಿ ಐಬಿಎಂ ಕಂಪನಿ "ಪಿಸಿ ಎಟಿ" ಗಣಕವನ್ನು ಹೊರತಂದಿತು. ಒಳಗೆ ಇಂಟೆಲ್ 80286, ವೇಗ 6 ಮೆಗಾಹರ್ಟ್ಸ್. ಬಡಿತ ಕೊಡುತ್ತಿದ್ದದ್ದು 12 ಮೆಗಾಹರ್ಟ್ಸ್‌ನ ಒಂದು ಪುಟ್ಟ ಕ್ವಾರ್ಟ್ಸ್ ಹರಳು. ಅದನ್ನು ಸಾಕೆಟ್ಟಿನಲ್ಲಿ ಸಿಕ್ಕಿಸಿಟ್ಟಿದ್ದರು, ಬೆಸುಗೆ ಇರಲಿಲ್ಲ. ಚತುರರು ಸುಮ್ಮನಿರುತ್ತಾರೆಯೇ? ಆ ಹರಳು ಕಿತ್ತು 16 ಮೆಗಾಹರ್ಟ್ಸ್‌ನದು ಹಾಕಿದರು. ಕೆಲವು ಡಾಲರ್ ಖರ್ಚಿನಲ್ಲಿ ಗಣಕ 8 ಮೆಗಾಹರ್ಟ್ಸ್‌ನಲ್ಲಿ ಓಡಿತು. ಐಬಿಎಂಗೆ ಇದು ಹಿಡಿಸಲಿಲ್ಲ. ನಂತರದ ಬಯಾಸ್‌ನಲ್ಲಿ ವೇಗ ಅಳೆಯುವ ಒಂದು ಪರೀಕ್ಷೆ ಸೇರಿಸಿತು. ಹೆಚ್ಚು ವೇಗ ಕಂಡರೆ ಗಣಕ ಶುರುವೇ ಆಗುವುದಿಲ್ಲ! ಆಮೇಲೆ 1986ರಲ್ಲಿ ಐಬಿಎಂ ತಾನೇ 8 ಮೆಗಾಹರ್ಟ್ಸ್‌ನ ಎಟಿ ಮಾರತೊಡಗಿತು. ಬಳಸುವವನು ಮಾಡಿದರೆ ತಪ್ಪು, ಕಂಪನಿ ಮಾಡಿದರೆ ಹೊಸ ಮಾಡೆಲ್. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಹುಚ್ಚಿನ ಸುವರ್ಣಯುಗ ಅಂದರೆ 1998. ಆ ವರ್ಷದ ಆಗಸ್ಟ್‌ನಲ್ಲಿ ಇಂಟೆಲ್‌ನಿಂದ ಸೆಲೆರಾನ್ 300ಎ ಬಂತು, ಬೆಲೆ 149 ಡಾಲರ್. ಅದರ ಲೆಕ್ಕ ತೀರಾ ಸರಳ. ಮದರ್‌ಬೋರ್ಡಿನ ಬಸ್ ವೇಗ 66, ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ 300 ಮೆಗಾಹರ್ಟ್ಸ್. ನಾಲ್ಕೂವರೆ ಅನ್ನುವುದನ್ನು ಇಂಟೆಲ್ ಬೀಗ ಹಾಕಿ ಇಟ್ಟಿತ್ತು, ಆದರೆ ಬಸ್ ವೇಗಕ್ಕೆ ಬೀಗ ಇರಲಿಲ್ಲ. 66 ಇದ್ದದ್ದನ್ನು 100 ಮಾಡಿದರೆ? 450 ಮೆಗಾಹರ್ಟ್ಸ್! ಆಗಿನ ಅತಿ ವೇಗದ ಪೆಂಟಿಯಂ 2 ಓಡುತ್ತಿದ್ದದ್ದೂ ಅಷ್ಟರಲ್ಲೇ. ಆ ಚಿಪ್ ಬಂದಾಗ ನನಗೆ ನೆಟ್ಟಗೆ ಮಾತೂ ಬರುತ್ತಿರಲಿಲ್ಲ, ಆದರೆ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನ ಸೀನಿಯರುಗಳು ಅದರ ಬಗ್ಗೆ ಮಾತಾಡುತ್ತಿದ್ದದ್ದು ರಣಜಿ ಪಂದ್ಯದ ಹಳೇ ಸ್ಕೋರ್ ಹೇಳುವವರ ಧಾಟಿಯಲ್ಲೇ :-)

ಈಗ ಆಂಡ್ರಾಯ್ಡ್‌ಗೆ ಬರೋಣ. 2008ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು ಜಿ1. ಅದರ ಚಿಪ್ 528 ಮೆಗಾಹರ್ಟ್ಸ್‌ನದು, ಆದರೆ ಬ್ಯಾಟರಿ ಉಳಿಸಲು 384ಕ್ಕೇ ಕಟ್ಟಿಹಾಕಿ ಮಾರಿದ್ದರು. ಬಿಚ್ಚಬೇಕಾದರೆ ರೂಟ್, ಅಂದರೆ ಯಂತ್ರದ ಯಜಮಾನನ ಅಧಿಕಾರ ಬೇಕು. ಲಿನಕ್ಸ್ ಜಗತ್ತಿನಲ್ಲಿ ರೂಟ್ ಅಂದರೆ ಮನೆಯ ಯಜಮಾನ, ಉಳಿದವರೆಲ್ಲ ಬಾಡಿಗೆದಾರರು. ಫೋನ್ ಕೊಂಡವನನ್ನು ಬಾಡಿಗೆದಾರನ ಜಾಗದಲ್ಲಿ ಕೂರಿಸಿದ್ದರು. ಆದರೆ ನವೆಂಬರ್‌ನಲ್ಲಿ ಒಂದು ತಮಾಷೆಯ ದೋಷ ಬೆಳಕಿಗೆ ಬಂತು. ಫೋನಿನಲ್ಲಿ ಎಲ್ಲಿ ಏನು ಟೈಪ್ ಮಾಡಿದರೂ ಅದು ಹಿಂದುಗಡೆ ಯಜಮಾನನ ಆಜ್ಞೆಯಾಗಿಯೂ ನಡೆದುಬಿಡುತ್ತಿತ್ತು. ಗೆಳೆಯನಿಗೆ ಚಾಟ್‌ನಲ್ಲಿ "ರೀಬೂಟ್" ಅಂತ ಬರೆದು ಎಂಟರ್ ಒತ್ತಿದರೆ ಫೋನೇ ರೀಬೂಟ್! ಗೂಗಲ್ ಕೂಡಲೇ ಸರಿಪಡಿಸಿತು. ಅಷ್ಟರಲ್ಲಿ ಬಾಗಿಲು ತೆರೆದಾಗಿತ್ತು.

ಟ್ಯಾಬ್ಲೆಟ್ಟುಗಳಲ್ಲಿ ಈ ಆಟಕ್ಕೆ ಮೊದಲು ಸಿಕ್ಕಿದ ಒಳ್ಳೆಯ ಮೈದಾನ ಬಾರ್ನ್ಸ್ ಅಂಡ್ ನೋಬಲ್‌ನ ನೂಕ್ ಕಲರ್. 2010ರ ನವೆಂಬರ್‌ನಲ್ಲಿ 249 ಡಾಲರಿಗೆ ಬಂದ ಏಳಿಂಚಿನ ಪುಸ್ತಕ ಓದುವ ಯಂತ್ರ ಅದು, ವೇಗ 800 ಮೆಗಾಹರ್ಟ್ಸ್. ಒಳಗೆ ಇದ್ದದ್ದು ಆಂಡ್ರಾಯ್ಡೇ. ಮೆಮೊರಿ ಕಾರ್ಡಿನಿಂದಲೂ ಅದು ಶುರುವಾಗುತ್ತಿತ್ತು, ಹಾಗಾಗಿ ಏನು ಎಡವಟ್ಟು ಮಾಡಿದರೂ ಕಾರ್ಡ್ ತೆಗೆದರೆ ಯಂತ್ರ ಮೊದಲಿನಂತೆ. ಜನ ಧೈರ್ಯವಾಗಿ ಹೊಸ ಕರ್ನಲ್ ಹಾಕಿ 1.1 ಗಿಗಾಹರ್ಟ್ಸ್‌ಗೆ ಓಡಿಸಿದರು. ಪುಸ್ತಕದಂಗಡಿಯ ಯಂತ್ರ ಕಡಿಮೆ ದುಡ್ಡಿನ ಪೂರ್ಣ ಟ್ಯಾಬ್ಲೆಟ್ ಆಗಿಬಿಟ್ಟಿತು.

ಆಮೇಲೆ ಬಂದದ್ದೇ ನಮ್ಮ ಟಚ್‌ಪ್ಯಾಡ್. ಎಚ್‌ಪಿ ಕಂಪನಿ 2010ರಲ್ಲಿ 120 ಕೋಟಿ ಡಾಲರ್ ಕೊಟ್ಟು ಪಾಮ್ ಕಂಪನಿಯನ್ನು ಕೊಂಡುಕೊಂಡಿತ್ತು. ಪಾಮ್‌ನ ವೆಬ್‌ಓಎಸ್ ಹಾಕಿದ ಟ್ಯಾಬ್ಲೆಟ್ 2011ರ ಜುಲೈ 1ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂತು. 9.7 ಇಂಚಿನ ತೆರೆ, ಎರಡು ಕೋರ್‌ನ ಕ್ವಾಲ್‌ಕಾಮ್ ಸ್ನಾಪ್‌ಡ್ರಾಗನ್, ವೇಗ 1.2 ಗಿಗಾಹರ್ಟ್ಸ್, 1 ಜಿಬಿ ರ‍್ಯಾಮ್. ಬೆಲೆ ಐಪ್ಯಾಡಿನಷ್ಟೇ, 499 ಡಾಲರಿನಿಂದ ಶುರು. ಯಾರೂ ಕೊಳ್ಳಲಿಲ್ಲ. ಆಗಸ್ಟ್ 18ಕ್ಕೆ ಎಚ್‌ಪಿ ಕೈ ಚೆಲ್ಲಿತು. ಸರಿಯಾಗಿ ಲೆಕ್ಕ ಹಾಕಿದರೆ 49 ದಿನ, ಒಂದು ಮಂಡಲಕ್ಕೆ ಒಂದೇ ದಿನ ಹೆಚ್ಚು! ಎರಡು ದಿನ ಕಳೆಯುವಷ್ಟರಲ್ಲಿ 16 ಜಿಬಿಯದು 99 ಡಾಲರಿಗೆ, 32 ಜಿಬಿಯದು 149 ಡಾಲರಿಗೆ ಸುರಿದು ಮಾರಿದರು. 499 ಇದ್ದಾಗ ತಿರುಗಿ ನೋಡದವರೆಲ್ಲ ಅಂಗಡಿ ಮುಂದೆ ಸಾಲು ನಿಂತರು. ಆ ಸಾಲಿನಲ್ಲಿ ನಮ್ಮ ಸೋದರಮಾವನೂ ಇದ್ದ. ಆ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಅದನ್ನು ಅಜ್ಜನ ಕೈಗಿಟ್ಟು, "ಅಪ್ಪಯ್ಯ, ಪೇಪರ್ ಓದೋದಕ್ಕೆ" ಅಂದ. ನಾನಾಗ ಒಂಬತ್ತನೇ ಕ್ಲಾಸು. ಅಜ್ಜನಿಗಿಂತ ಮೊದಲು ಅದು ನನ್ನ ಕೈಗೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ ತಾನೇ.

ಸತ್ತುಹೋದ ಯಂತ್ರ. ಹೊಸ ಆಪ್ ಬರುವುದಿಲ್ಲ. ಆದರೆ ಎಚ್‌ಪಿ ಒಂದು ಪುಣ್ಯದ ಕೆಲಸ ಮಾಡಿತ್ತು, ಯಂತ್ರಕ್ಕೆ ಭದ್ರವಾದ ಬೀಗ ಹಾಕಿರಲಿಲ್ಲ. ವೆಬ್‌ಓಎಸ್‌ನಲ್ಲಿ ಡೆವಲಪರ್ ಮೋಡ್ ತೆರೆಯಲು ಟೈಪ್ ಮಾಡಬೇಕಾದ ಗುಟ್ಟಿನ ಸಾಲು ಯಾವುದು ಗೊತ್ತೇ? ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಸ್ಟಾರ್ಟ್ (ಇಂಗ್ಲಿಷಿನಲ್ಲಿ, ಎಲ್ಲ ಸೇರಿಸಿ). ಟಿವಿಗೆ ಜೋಡಿಸುವ ಗೇಮಿನಲ್ಲಿ ಕಾಂಟ್ರಾ ಆಡಿ ಮೂವತ್ತು ಜೀವ ಪಡೆದವರಿಗೆ ಈಗ ಮೈ ಜುಮ್ ಅಂದಿರಬೇಕು. ಬೀಗ ಮುರಿಯುವ ಕಷ್ಟವೇ ಇಲ್ಲ, ತಯಾರಿಸಿದವರೇ ಕೀಲಿಯನ್ನು ಹೊಸ್ತಿಲ ಮೇಲೆ ಇಟ್ಟು ಹೋಗಿದ್ದರು.

ಯಾರಾದರೂ ಇದರಲ್ಲಿ ಆಂಡ್ರಾಯ್ಡ್ ಓಡಿಸಿದರೆ 1,500 ಡಾಲರ್ ಬಹುಮಾನ ಅಂತ ಒಂದು ಜಾಲತಾಣ ಘೋಷಿಸಿತು. 2011ರ ಅಕ್ಟೋಬರ್‌ನಲ್ಲಿ ಸಯನೋಜೆನ್‌ಮಾಡ್ ತಂಡದ ಸ್ವಯಂಸೇವಕರು ಆಂಡ್ರಾಯ್ಡ್ 2.3ರ ಆಲ್ಫಾ ಬಿಟ್ಟರು. 2012ರ ಜನವರಿಯಲ್ಲಿ 4.0 ಬಂತು. ಕಂಪನಿ ಕೈಬಿಟ್ಟ ಮಗುವನ್ನು ಊರವರು ಸೇರಿ ಸಾಕಿದ ಹಾಗೆ.

ಸಾಕಿದ್ದಷ್ಟೇ ಅಲ್ಲ, ಓಡಲೂ ಕಲಿಸಿದರು. ಹೊಸ ಕರ್ನಲ್ ಹಾಕಿದರೆ ಟಚ್‌ಪ್ಯಾಡಿನ 1.2 ಗಿಗಾಹರ್ಟ್ಸ್ ಸಲೀಸಾಗಿ 1.5 ಆಗುತ್ತಿತ್ತು. ಗಟ್ಟಿ ಚಿಪ್ ಸಿಕ್ಕವರು 1.7 ದಾಟಿಸುತ್ತಿದ್ದರು. ಇಲ್ಲೇ ಐಬಿಎಂ ಕತೆ ನೆನಪಾಗಬೇಕು. ಎಚ್‌ಪಿ ತಾನೇ 64 ಜಿಬಿಯ ಟಚ್‌ಪ್ಯಾಡನ್ನೂ, 4ಜಿ ಟಚ್‌ಪ್ಯಾಡನ್ನೂ 1.5 ಗಿಗಾಹರ್ಟ್ಸ್ ಅಂತಲೇ ಘೋಷಿಸಿತ್ತು! ಅಂದರೆ ನಮ್ಮ 1.2 ಸಿಲಿಕಾನಿನ ಮಿತಿಯಲ್ಲ, ಯಾರೋ ಮೀಟಿಂಗಿನಲ್ಲಿ ಬರೆದ ಸಂಖ್ಯೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಎರಡು ಮಾತು. ಲಿನಕ್ಸ್ ಕರ್ನಲ್‌ನೊಳಗೆ ವೇಗಗಳ ಒಂದು ಪಟ್ಟಿ ಇರುತ್ತದೆ, ಪ್ರತಿ ವೇಗದ ಎದುರು ಅದಕ್ಕೆ ಬೇಕಾದ ವೋಲ್ಟೇಜ್. ಆ ಪಟ್ಟಿಯ ಕೊನೆಗೆ ಹೊಸ ಸಾಲು ಸೇರಿಸುವುದೇ ಓವರ್‌ಕ್ಲಾಕಿಂಗ್ ಕರ್ನಲ್‌ನ ಕೆಲಸ. ಯಾವಾಗ ಯಾವ ವೇಗ ಅನ್ನುವುದನ್ನು ಗವರ್ನರ್ ಅನ್ನುವ ತುಣುಕು ನೋಡಿಕೊಳ್ಳುತ್ತದೆ. ಕೆಲಸ ಬಿದ್ದಾಗ ಥಟ್ಟನೆ ಏರಿಸುವ ಆನ್‌ಡಿಮಾಂಡ್, ನಿಧಾನವಾಗಿ ಏರಿಸುವ ಕನ್ಸರ್ವೇಟಿವ್, ಬೆರಳು ಸೋಕಿದರೆ ಎದ್ದು ಕೂರುವ ಇಂಟರಾಕ್ಟಿವ್, ಯಾವಾಗಲೂ ಓಡುತ್ತಲೇ ಇರುವ ಪರ್ಫಾರ್ಮೆನ್ಸ್... ನಮ್ಮ ಆಫೀಸಿನ ಸಹೋದ್ಯೋಗಿಗಳನ್ನೂ ಹೀಗೆ ವಿಂಗಡಿಸಬಹುದು :-) ಸೆಟ್‌ಸಿಪಿಯು ಥರದ ಆಪ್‌ಗಳು ರೂಟ್ ಅಧಿಕಾರ ಪಡೆದು, ಈ ಗವರ್ನರನ್ನೂ ಗರಿಷ್ಠ ವೇಗವನ್ನೂ ಬೆರಳಿನಲ್ಲಿ ಜಾರಿಸಿ ಬದಲಿಸಲು ಕೊಡುತ್ತಿದ್ದವು.

ಬಿಟ್ಟಿ ಏನೂ ಇಲ್ಲ. ಪ್ರಾಸೆಸರ್ ತಿನ್ನುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. 1.2ರಿಂದ 1.5ಕ್ಕೆ ಹೋದರೆ ವೇಗ ಕಾಲುಭಾಗ ಹೆಚ್ಚು. ಅದಕ್ಕಾಗಿ ವೋಲ್ಟೇಜ್ ಶೇ. 10 ಏರಿಸಬೇಕಾಯಿತು ಅನ್ನಿ. 1.25 × 1.1 × 1.1 ಅಂದರೆ ಸುಮಾರು 1.51. ಕಾಲುಭಾಗ ವೇಗಕ್ಕೆ ಅರ್ಧದಷ್ಟು ಹೆಚ್ಚು ವಿದ್ಯುತ್ತು, ಅಷ್ಟೂ ಕೊನೆಗೆ ಶಾಖ. ಗಣಕಕ್ಕಾದರೆ ಫ್ಯಾನ್ ಇರುತ್ತದೆ. ಟ್ಯಾಬ್ಲೆಟ್ಟಿಗೆ ಇರುವುದು ಅಜ್ಜನ ತೊಡೆ ಮಾತ್ರ.

ಅಜ್ಜನ ಮಾತಿಗೆ ಬಂದೆ. ಅವರಿಗೆ ಗಿಗಾಹರ್ಟ್ಸ್ ಗೊತ್ತಿಲ್ಲ. ಹೊಸನಗರ ತಾಲ್ಲೂಕಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು, ನಿವೃತ್ತಿಯ ನಂತರ ದಿನಕ್ಕೆ ಮೂರು ಪತ್ರಿಕೆ ಬೇಕು. ನಾನು ಹಾಕಿಕೊಟ್ಟ ಆಂಡ್ರಾಯ್ಡ್ 2.3ರಲ್ಲಿ ಕನ್ನಡ ಪುಟ ತೆರೆದು ತೋರಿಸಿದರೆ, "ಏನೋ ಇದು, ಅಕ್ಷರದ ಜಾಗದಲ್ಲಿ ಬರೀ ಡಬ್ಬಿ ಬರ್ತದಲ್ಲೋ?" ಅಂದರು. ನಿಜ, ಬರೀ ಚೌಕಗಳು. ಆ ಕಾಲದ ಆಂಡ್ರಾಯ್ಡ್‌ಗೆ ಕನ್ನಡವೇ ಗೊತ್ತಿರಲಿಲ್ಲ. ರೂಟ್ ಇದ್ದವರು ಸಿಸ್ಟಂ ಫೋಲ್ಡರಿಗೆ ಕನ್ನಡ ಫಾಂಟ್ ತುರುಕುತ್ತಿದ್ದರು. ಆದರೂ ಒತ್ತಕ್ಷರ ಕೂಡಿಸುವ ಬುದ್ಧಿ ವ್ಯವಸ್ಥೆಗೇ ಇಲ್ಲದ್ದರಿಂದ ಅಕ್ಷರಗಳು ಜಗಳವಾಡಿದ ಹಾಗೆ ಬೇರೆ ಬೇರೆ ನಿಲ್ಲುತ್ತಿದ್ದವು. ಒಪೆರಾ ಮಿನಿಯಲ್ಲಿ ಅಕ್ಷರವನ್ನು ಚಿತ್ರವಾಗಿ ತರಿಸುವ ಸೆಟ್ಟಿಂಗ್ ಹುಡುಕಿ ಓದಿದ ದಿನಗಳು ನಿಮಗೂ ನೆನಪಿರಬೇಕು. 4.0ರಲ್ಲೂ ನಮ್ಮ ಸರದಿ ಬರಲಿಲ್ಲ. 2012ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1, ಅಂದರೆ ಜೆಲ್ಲಿ ಬೀನ್‌ನಲ್ಲಿ, ಕನ್ನಡ, ತೆಲುಗು, ಮಲಯಾಳಂ ಒಟ್ಟಿಗೆ ಸೇರಿದವು.

ಟಚ್‌ಪ್ಯಾಡಿಗೂ 4.1 ಬಂತು, ಸ್ವಯಂಸೇವಕರ ಕೈಯಿಂದ. 2013ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರವೇ ಹಾಕಿದೆ. ಕನ್ನಡ ಪುಟ ತೆರೆದರೆ ಒತ್ತಕ್ಷರ ಸಮೇತ ನೆಟ್ಟಗೆ ಕೂತಿತ್ತು. ಅಜ್ಜ ಕನ್ನಡಕ ಸರಿಮಾಡಿಕೊಂಡು ಒಂದಿಡೀ ಸುದ್ದಿ ಗಟ್ಟಿಯಾಗಿ ಓದಿದರು. ಇನ್ನೊಂದು ವಿಷಯವನ್ನೂ ಗಮನಿಸಿದೆ. ಯಂತ್ರ ಮೊದಲಿಗಿಂತ ನಯವಾಗಿ ಓಡುತ್ತಿತ್ತು, ಗರಿಷ್ಠ ವೇಗ ಅದೇ 1.2ರಲ್ಲೇ ಇತ್ತು! ಜೆಲ್ಲಿ ಬೀನ್‌ನಲ್ಲಿ ಗೂಗಲ್ "ಪ್ರಾಜೆಕ್ಟ್ ಬಟರ್" ಅನ್ನುವ ಹೆಸರಿನಲ್ಲಿ ತೆರೆಯ ಮೇಲೆ ಚಿತ್ರ ಮೂಡುವ ಕ್ರಮವನ್ನೇ ತಿದ್ದಿತ್ತು. ಬೆರಳು ತಾಗಿದ ಕೂಡಲೇ ಪ್ರಾಸೆಸರ್ ಎಚ್ಚರಗೊಳ್ಳುವ ವ್ಯವಸ್ಥೆಯೂ ಅದರಲ್ಲಿತ್ತು. ಗಿಗಾಹರ್ಟ್ಸ್ ಏರಿಸಿ ನಾವು ಹುಡುಕುತ್ತಿದ್ದ ಸುಖ ತಂತ್ರಾಂಶದಲ್ಲಿತ್ತು. ಅದೇ ವರ್ಷ ಇನ್ನೊಂದು ಉದಾಹರಣೆ ಸಿಕ್ಕಿತು. 2012ರ ನೆಕ್ಸಸ್ 7 ದಿನ ಕಳೆದಂತೆ ತೆವಳುತ್ತಿತ್ತು. ನಾಲ್ಕು ಕೋರ್ ಇದ್ದೂ ತೆವಳಲು ಕಾರಣ ಪ್ರಾಸೆಸರ್ ಅಲ್ಲ, ಅಳಿಸಿದ ಜಾಗವನ್ನು ಫ್ಲಾಷ್ ಮೆಮೊರಿಗೆ ತಿಳಿಸದೇ ಇದ್ದದ್ದು. 2013ರ ಜುಲೈನಲ್ಲಿ ಆಂಡ್ರಾಯ್ಡ್ 4.3 ಬಂದು, ಟ್ರಿಮ್ ಶುರುವಾದ ಮೇಲೆ ಅದು ಚೇತರಿಸಿಕೊಂಡಿತು.

ಇಷ್ಟು ಬುದ್ಧಿ ಆಗಲೇ ಇದ್ದಿದ್ದರೆ ಚೆನ್ನಾಗಿತ್ತು. ಇರಲಿಲ್ಲ.

ಆ ಬೇಸಿಗೆಯಿಂದ ಅಜ್ಜ ಟಚ್‌ಪ್ಯಾಡಿನಲ್ಲಿ ಬರೆಯಲೂ ಕಲಿತರು. ಕನ್ನಡ ಕೀಲಿಮಣೆಯ ಒಂದು ಆಪ್ ಹಾಕಿಕೊಟ್ಟಿದ್ದೆ. ಒಂದೇ ಬೆರಳಿನಲ್ಲಿ ದಿನಾ ಸಂಜೆ ಅರ್ಧ ಗಂಟೆ ಕುಟ್ಟುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅವರು ಹುಟ್ಟಿದ ಊರೂ ಒಂದು. ಅಲ್ಲಿ ಯಾರ ಮನೆ ಎಲ್ಲಿತ್ತು, ಯಾವ ಗದ್ದೆಗೆ ಏನು ಹೆಸರು, ಎಲ್ಲರೂ ಎದ್ದು ಎಲ್ಲೆಲ್ಲಿಗೆ ಹೋದರು... ಬರೆಯುತ್ತಿದ್ದದ್ದು ಅದನ್ನೇ. ದಸರಾ ರಜೆಯ ಹೊತ್ತಿಗೆ ನೋಟ್ಸ್ ಆಪ್‌ನಲ್ಲಿ ಉದ್ದಕ್ಕೆ ಬೆಳೆದಿತ್ತು.

ನಾನಾಗ ಪಿಯುಸಿ. ಗೆಳೆಯನೊಬ್ಬ ತನ್ನ ಫೋನಿನ ಬೆಂಚ್‌ಮಾರ್ಕ್ ಅಂಕ ತೋರಿಸಿ ಕೆಣಕಿದ್ದ. ಅಜ್ಜ ಮಲಗಿದ ಮೇಲೆ ಟಚ್‌ಪ್ಯಾಡ್ ತೆಗೆದು 1.2 ಇದ್ದದ್ದನ್ನು 1.5 ಮಾಡಿದೆ. ಓಡಿತು. 1.7 ಮಾಡಿದೆ. ಅದೂ ಓಡಿತು, ಹತ್ತು ನಿಮಿಷ. ಆ ಹತ್ತು ನಿಮಿಷದ ಉತ್ಸಾಹದಲ್ಲಿ "ಸೆಟ್ ಆನ್ ಬೂಟ್" ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಅಂದರೆ ಯಂತ್ರ ಶುರುವಾದ ಪ್ರತಿ ಸಲ ತಾನಾಗಿಯೇ 1.7. ಇನ್ನೊಂದು ಮೆಟ್ಟಿಲು ಹತ್ತಿಸಿದಾಗ ಯಂತ್ರ ಹೆಪ್ಪುಗಟ್ಟಿತು. ಬಟನ್ ಒತ್ತಿ ರೀಬೂಟ್ ಮಾಡಿದೆ. ಶುರುವಾಯಿತು, ವೇಗ ಏರಿತು, ಮತ್ತೆ ಬಿತ್ತು. ಮತ್ತೆ ಶುರು, ಮತ್ತೆ ಬಿತ್ತು. ರಾತ್ರಿ ಒಂದು ಗಂಟೆ. ಬೆಳಗ್ಗೆ ಅಜ್ಜ ಆರಕ್ಕೇ ಏಳುತ್ತಾರೆ. ಗಾಬರಿಯಲ್ಲಿ ರಿಕವರಿಗೆ ಹೋಗಿ ಡೇಟಾ ಪೂರ್ತಿ ಅಳಿಸಿಬಿಟ್ಟೆ. ಯಂತ್ರ ಬದುಕಿತು. ನೋಟ್ಸ್ ಹೋಯಿತು.

ಆ ಆಪ್‌ನ ಸೆಟ್ಟಿಂಗ್ ಇರುವ ಒಂದೇ ಒಂದು ಫೈಲ್ ಅಳಿಸಿದ್ದರೆ ಸಾಕಾಗುತ್ತಿತ್ತು. ಅದಕ್ಕೆಂದೇ ಚಿಕ್ಕ ಉಪಾಯವೂ ಇತ್ತು. ನನಗೆ ಗೊತ್ತಾದದ್ದು ಒಂದು ವಾರದ ನಂತರ.

ಬೆಳಗ್ಗೆ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಹೋಯ್ತೇನೋ?" ಅಂತ ಒಂದೇ ಪ್ರಶ್ನೆ ಕೇಳಿದರು. ಹೂಂ ಅಂದೆ. ಬೈಯಲಿಲ್ಲ. ಪೇಪರ್ ಓದಲು ಟಚ್‌ಪ್ಯಾಡ್ ಬಳಸುತ್ತಲೇ ಇದ್ದರು, ಆದರೆ ಅದರಲ್ಲಿ ಮತ್ತೆ ಒಂದಕ್ಷರ ಬರೆಯಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತರಿಸಿ ಮೊದಲಿನಿಂದ ಶುರುಮಾಡಿದರು. ಮೂವತ್ತೊಂದು ಪುಟ ಆಗುವ ಹೊತ್ತಿಗೆ ಕೈ ನಡುಗಲು ಶುರುವಾಯಿತು. 2017ರಲ್ಲಿ ಹೋಗಿಬಿಟ್ಟರು.

ಟ್ಯಾಬ್ಲೆಟ್ ಓವರ್‌ಕ್ಲಾಕಿಂಗ್‌ನ ಆಟವೂ ಆ ಹೊತ್ತಿಗೆ ತಣ್ಣಗಾಗಿತ್ತು. ಚಿಪ್ ಕಂಪನಿಗಳೇ ಇದ್ದ ವೇಗವನ್ನೆಲ್ಲ ಹಿಂಡಿ ಮಾರತೊಡಗಿದವು, ಬಿಸಿಯಾದರೆ ಪ್ರಾಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೇಲೆ ಎಳೆಯಲು ಗೆರೆಯೇ ಉಳಿದಿಲ್ಲ. ಸಯನೋಜೆನ್‌ಮಾಡ್ 2016ರ ಡಿಸೆಂಬರ್‌ನಲ್ಲಿ ಮುಚ್ಚಿತು, ಅದರ ಕೆಲಸ ಲೀನಿಯೇಜ್‌ಓಎಸ್ ಹೆಸರಿನಲ್ಲಿ ಮುಂದುವರಿದಿದೆ. ವೆಬ್‌ಓಎಸ್ 2013ರಲ್ಲಿ ಎಲ್‌ಜಿ ಪಾಲಾಗಿ ಟಿವಿ ಸೇರಿತು. ರೂಟ್ ಮಾಡಿದ ಫೋನಿನಲ್ಲಿ ಎಷ್ಟೋ ಬ್ಯಾಂಕಿನ ಆಪ್‌ಗಳು ಓಡುವುದಿಲ್ಲ. ಭದ್ರತೆಯ ಕಾರಣ ಇದೆ, ಅದನ್ನು ಬರೆಯುವ ಕೆಲಸದಲ್ಲೇ ಇರುವ ನನಗೆ ಒಪ್ಪಿಗೆಯೂ ಇದೆ. ಆದರೆ ಬೀಗ ಬಿಗಿಯಾದಷ್ಟೂ, ಕಂಪನಿ ಕೈಬಿಟ್ಟ ಯಂತ್ರವನ್ನು ಸಾಕಲು ಬರುವ ಊರವರಿಗೆ ಬಾಗಿಲು ಇರುವುದಿಲ್ಲ.

ನನಗೆ ಈಗ ಇಪ್ಪತ್ತೆಂಟು. ತಿರುಗಿ ನೋಡಿದರೆ ಆ ತೆರೆದ ಬಾಗಿಲಿನಿಂದ ಎರಡು ವಸ್ತು ಒಳಗೆ ಬಂದವು ಅನ್ನಿಸುತ್ತದೆ. ಒಂದು 1.7 ಗಿಗಾಹರ್ಟ್ಸ್, ಇನ್ನೊಂದು ಕನ್ನಡ. 49 ದಿನಕ್ಕೆ ಸತ್ತ ಯಂತ್ರ ಕನ್ನಡ ಕಲಿತು ಅಜ್ಜನಿಗೆ ವರ್ಷಗಟ್ಟಲೆ ಪೇಪರ್ ಓದಿಸಿತು. ಎಚ್‌ಪಿ ಹಾಕಿದ ವೆಬ್‌ಓಎಸ್‌ನಲ್ಲೇ ಅದನ್ನು ಬಿಟ್ಟಿದ್ದರೆ ಅದು ಆಗುತ್ತಿರಲಿಲ್ಲ. ಎರಡರಲ್ಲಿ ಯಾವುದು ದೊಡ್ಡದು ಅಂತ ತಿಳಿಯದೆ ನಾನು ಚಿಕ್ಕದರ ಬೆನ್ನು ಹತ್ತಿದೆ. ಯಜಮಾನಿಕೆ ಸಿಕ್ಕರೆ ಸಾಲದು, ಬ್ಯಾಕಪ್ ತೆಗೆಯುವ ಬುದ್ಧಿಯೂ ಬೇಕು.

ಟಚ್‌ಪ್ಯಾಡನ್ನು ಎರಡು ದಿನ ಚಾರ್ಜಿಗೆ ಹಾಕಿ ನೋಡಿದೆ, ಏಳಲಿಲ್ಲ. ಅಜ್ಜನ ನೋಟ್‌ಬುಕ್ ಮಾತ್ರ ಬೆಂಗಳೂರಿಗೆ ತಂದಿದ್ದೇನೆ. ಮೂವತ್ತೊಂದು ಪುಟದಲ್ಲಿ ಒಂಬತ್ತು ಕುಟ್ಟಿ ಆಯಿತು, ಮೂರು ಕಡೆ ಬ್ಯಾಕಪ್ ಇಟ್ಟಿದ್ದೇನೆ. ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ. ಶರಾವತಿ ಕಡೆಯವರು ಯಾರಾದರೂ ಓದುತ್ತಿದ್ದರೆ, ಗದ್ದೆಗಳ ಹೆಸರು ತಪ್ಪಿದ್ದಲ್ಲಿ ದಯವಿಟ್ಟು ತಿದ್ದಿ.